ಮಗು ಯಾರನ್ನು ಹಚ್ಚಿಕೊಳ್ಳುತ್ತದೆ?

ಹುಟ್ಟಿದ ಮಗುವಿಗೆ ತಾಯಿಯ ದನಿ ಹೊಸದಲ್ಲ; ಹೊಟ್ಟೆಯಲ್ಲಿದ್ದಾಗಲೇ ಅದನ್ನು ಕೇಳಿರುತ್ತದೆ. ಹುಟ್ಟಿದ ಮೂರೇ ದಿನದೊಳಗೆ ಬೇರೆ ಹೆಂಗಸರ ದನಿಗಿಂತ ತಾಯಿಯ ದನಿಗೇ ಹೆಚ್ಚು ಒಲಿಯುತ್ತದೆ. ಆದರೂ ಮೊದಲ ಒಂದೆರಡು ತಿಂಗಳು ಯಾರು ಎತ್ತಿಕೊಂಡರೂ ಅದಕ್ಕೆ ಸಮಾಧಾನವೇ. ಆರು ವಾರದ ಸುಮಾರಿಗೆ ಮುಖ ನೋಡಿ ನಗಲು ಕಲಿಯುತ್ತದೆ. ಮುಂದೆ ಆ ನಗು ಬಳಕೆಯ ಮುಖಗಳಿಗೆ ಬೇಗ, ಉಳಿದವರಿಗೆ ತಡವಾಗಿ ಸಿಗತೊಡಗುತ್ತದೆ.

ಏಳೆಂಟು ತಿಂಗಳಿಗೆ ಚಿತ್ರವೇ ಬದಲು. ಅಮ್ಮ ಕೋಣೆಯಿಂದ ಎದ್ದುಹೋದರೆ ಅಳು, ನೆಂಟರು ಕೈಚಾಚಿದರೆ ಅಳು. ನಿನ್ನೆಯವರೆಗೆ ಎಲ್ಲರ ಬಳಿ ಹೋಗುತ್ತಿದ್ದ ಕೂಸು ಹೀಗೇಕಾಯಿತೆಂದು ಮನೆಯವರಿಗೆ ಮುಜುಗರ. ಆದರೆ ಇದು ಹಟವಲ್ಲ. ಕಣ್ಣಿಗೆ ಕಾಣದವರೂ ಎಲ್ಲೋ ಇದ್ದಾರೆ ಎಂಬುದು ಮಗುವಿಗೆ ಆಗಷ್ಟೇ ತಿಳಿಯುತ್ತಿರುತ್ತದೆ. ತನ್ನವರು ಯಾರೆಂಬುದೂ ಗಟ್ಟಿಯಾಗಿರುತ್ತದೆ.

ಹಾಲು ಕೊಡುವವರನ್ನೇ ಮಗು ಹಚ್ಚಿಕೊಳ್ಳುತ್ತದೆ ಎಂದು ಬಹುಕಾಲ ನಂಬಲಾಗಿತ್ತು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಹ್ಯಾರಿ ಹಾರ್ಲೋ ರೀಸಸ್ ಕೋತಿಮರಿಗಳನ್ನು ತಾಯಿಯಿಂದ ಬೇರ್ಪಡಿಸಿ, ಎರಡು ಬೊಂಬೆತಾಯಿಗಳ ಜೊತೆ ಬಿಟ್ಟರು. ಒಂದು ಬರೀ ತಂತಿಯದು, ಇನ್ನೊಂದಕ್ಕೆ ಮೆತ್ತನೆಯ ಬಟ್ಟೆ ಸುತ್ತಿತ್ತು. ಹಾಲಿನ ಬಾಟಲಿ ತಂತಿಯ ತಾಯಿಯಲ್ಲಿದ್ದರೂ ಮರಿಗಳು ಕುಡಿದು ಮುಗಿಸಿ ಬಟ್ಟೆಯ ತಾಯಿಯನ್ನು ತಬ್ಬಿಕೊಂಡವು. ಪ್ರಯೋಗ ಕ್ರೂರವಾಗಿತ್ತು, ಉತ್ತರ ಮಾತ್ರ ಸ್ಪಷ್ಟವಾಗಿತ್ತು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 60 ಶಿಶುಗಳನ್ನು ಗಮನಿಸಿದ ಶಾಫರ್ ಮತ್ತು ಎಮರ್ಸನ್ 1964ರಲ್ಲಿ ಇದನ್ನೇ ಮನುಷ್ಯರಲ್ಲೂ ಕಂಡರು. ಅತ್ತಾಗ ಓಗೊಟ್ಟವರನ್ನು, ಜೊತೆಗೂಡಿ ಆಡಿದವರನ್ನು ಮಕ್ಕಳು ಹಚ್ಚಿಕೊಂಡಿದ್ದವು, ಉಣಿಸಿದವರೇ ಆಗಿರಬೇಕೆಂದಿರಲಿಲ್ಲ. ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಒಬ್ಬರಿಗಿಂತ ಹೆಚ್ಚು ಆಪ್ತರಿದ್ದರು. ಕೆಲಸಕ್ಕೆ ಹೋಗುವ ತಾಯಂದಿರು, ಅಜ್ಜಿಯ ಮಡಿಲಲ್ಲಿ ಮಗು ಹಾಯಾಗಿರುವುದನ್ನು ಕಂಡು ಕಳವಳಪಡಬೇಕಿಲ್ಲ.

ಅಳುವುದು, ಅಂಟಿಕೊಳ್ಳುವುದು, ಹಿಂದೆ ಬರುವುದು ಇವೆಲ್ಲ ಕಾಯುವವರನ್ನು ಹತ್ತಿರ ಇರಿಸಿಕೊಳ್ಳಲು ಜೀವವಿಕಾಸ ಕೊಟ್ಟ ಸಾಧನಗಳು ಎಂದು ವಾದಿಸಿದವರು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ. ಅವರ ಸಹೋದ್ಯೋಗಿ ಮೇರಿ ಏನ್ಸ್‌ವರ್ತ್ ಮೊದಲು ಉಗಾಂಡದಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರಿನಲ್ಲಿ ಮನೆಮನೆಗೆ ಹೋಗಿ ತಾಯಿ-ಮಕ್ಕಳನ್ನು ಗಮನಿಸಿದರು. ಮೊದಲ ತಿಂಗಳುಗಳಲ್ಲಿ ಅತ್ತಾಗ ಬೇಗ ಓಗೊಡಲಾಗಿದ್ದ ಮಕ್ಕಳು ವರ್ಷ ತುಂಬುವಾಗ ಕಡಿಮೆ ಅಳುತ್ತಿದ್ದವು ಎಂದು ಅವರು ವರದಿ ಮಾಡಿದರು. ಎತ್ತಿ ಎತ್ತಿ ಅಭ್ಯಾಸ ಮಾಡಿಸಬೇಡಿ ಎನ್ನುವ ಹಿರಿಯರು ಗಮನಿಸಬೇಕಾದ ಮಾತಿದು.

ಒಂದು ವರ್ಷ ದಾಟಿದ ಮಕ್ಕಳಿಗೆ ಏನ್ಸ್‌ವರ್ತ್ ಸುಮಾರು 20 ನಿಮಿಷದ ಒಂದು ಪರೀಕ್ಷೆಯನ್ನೂ ರೂಪಿಸಿದರು. ಹೊಸ ಕೋಣೆ, ಆಟಿಕೆಗಳು, ಒಬ್ಬ ಅಪರಿಚಿತೆ. ತಾಯಿ ಹೊರಹೋಗಿ ಮರಳುತ್ತಾಳೆ. ಮುಖ್ಯವಾದದ್ದು ಮಗು ಅತ್ತಿತೇ ಎಂಬುದಲ್ಲ, ತಾಯಿ ಬಂದಾಗ ಏನು ಮಾಡಿತು ಎಂಬುದು. ಹೆಚ್ಚಿನವು ತಾಯಿಯನ್ನು ಅಪ್ಪಿ, ಸಮಾಧಾನಗೊಂಡು, ಮತ್ತೆ ಆಟಕ್ಕಿಳಿದವು. ಕೆಲವು ಅವಳನ್ನು ಕಾಣದಂತೆ ಇದ್ದುಬಿಟ್ಟವು. ಕೆಲವು ಅಪ್ಪಿಕೊಂಡೂ ಮುನಿಸು ಬಿಡಲಿಲ್ಲ. ಆದರೆ ಈ ವಿಂಗಡಣೆಯನ್ನು ರೋಗದ ಹೆಸರಿನಂತೆ ಬಳಸುವುದು ತಪ್ಪು. ಮಗುವನ್ನು ಒಂಟಿಯಾಗಿ ಬಿಡುವ ರೂಢಿಯೇ ವಿರಳವಾಗಿದ್ದ ಜಪಾನಿನ ಶಿಶುಗಳು ಇದೇ ಪರೀಕ್ಷೆಯಲ್ಲಿ ವಿಪರೀತ ಅತ್ತವು.

ಹಚ್ಚಿಕೊಳ್ಳಲು ಯಾರೂ ಸಿಗದಿದ್ದರೆ ಏನಾಗುತ್ತದೆ ಎಂಬುದು 1989ರ ನಂತರ ರುಮೇನಿಯಾದ ಅನಾಥಾಲಯಗಳಲ್ಲಿ ಬಯಲಾಯಿತು. ಊಟ, ಬಟ್ಟೆ ಸಿಕ್ಕಿದ್ದರೂ ತಮ್ಮವರೆನ್ನುವ ಒಬ್ಬರೂ ಇಲ್ಲದೆ ಬೆಳೆದ ಮಕ್ಕಳ ಮಾತು, ಬುದ್ಧಿ, ಬೆಳವಣಿಗೆ ಎಲ್ಲವೂ ಕುಂಠಿತವಾಗಿದ್ದವು. ರಾಜಧಾನಿ ಬುಕಾರೆಸ್ಟಿನಲ್ಲಿ 2000ದ ಸುಮಾರಿಗೆ ಶುರುವಾದ ಅಧ್ಯಯನದಲ್ಲಿ, ಎರಡು ವರ್ಷ ತುಂಬುವ ಮೊದಲೇ ಸಾಕುಮನೆ ಸೇರಿದವರು ತಡವಾಗಿ ಸೇರಿದವರಿಗಿಂತ ಹೆಚ್ಚು ಚೇತರಿಸಿಕೊಂಡರು. ತೀವ್ರ ಅಂಗವೈಕಲ್ಯ ಇರುವವರನ್ನುಳಿದು, ಎರಡು ವರ್ಷದೊಳಗಿನ ಮಕ್ಕಳನ್ನು ಅನಾಥಾಲಯಕ್ಕೆ ಸೇರಿಸುವುದನ್ನು ರುಮೇನಿಯಾ 2004ರ ಕಾನೂನಿನಿಂದ ನಿಷೇಧಿಸಿತು.