ಬೆಳಕು ಸೋಸಿದ ಸಂಖ್ಯೆ

1537228672093301419. ಹತ್ತೊಂಬತ್ತು ಅಂಕಿಗಳ ಈ ಸಂಖ್ಯೆಗೆ ಒಂದು ಹುಟ್ಟಿನ ಕಥೆಯಿದೆ. 93 ಎರಡುಗಳನ್ನು ಗುಣಿಸಿ, ಬಂದದ್ದಕ್ಕೆ 1 ಕೂಡಿಸಿ, ಸುಲಭವಾಗಿ ಸಿಗುವ ಅಪವರ್ತನಗಳನ್ನೆಲ್ಲ ತೆಗೆದುಹಾಕಿದರೆ ಉಳಿಯುವುದು ಇದೇ. ಇದನ್ನು ಇನ್ನೂ ಒಡೆಯಬಹುದೇ? ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸುತ್ತ ಹೊರಟರೆ 52 ಕೋಟಿ ದಾಟುವವರೆಗೂ ಏನೂ ಸಿಗದು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅದು ಆಗಹೋಗದ ಕೆಲಸ. 1932ರಲ್ಲಿ ಅಮೆರಿಕದ ಗಣಿತಜ್ಞ ಡಿ.ಎಚ್. ಲೆಹ್ಮರ್ ಕಟ್ಟಿದ ಜರಡಿಯಂತ್ರ ಅದನ್ನು ಒಡೆಯಿತು.

ದಾರಿ ಹಳೆಯದು, ಹದಿನೇಳನೇ ಶತಮಾನದ ಗಣಿತಜ್ಞ ಫೆರ್ಮಾ ತೋರಿಸಿದ್ದು. ಬೆಸ ಸಂಖ್ಯೆಯೊಂದನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆದರೆ ಅದರ ಅಪವರ್ತನಗಳು ಕೈಗೆ ಬರುತ್ತವೆ. 10ರ ವರ್ಗದಲ್ಲಿ 3ರ ವರ್ಗ ಕಳೆದರೆ 91. 10ಕ್ಕೆ 3 ಕೂಡಿಸಿದರೆ 13, ಕಳೆದರೆ 7. ಹದಿಮೂರೇಳಲಿ ತೊಂಬತ್ತೊಂದು. ಹಾಗಾದರೆ ನಮಗೆ ಬೇಕಾದದ್ದು, ತನ್ನ ವರ್ಗದಿಂದ ಈ ದೊಡ್ಡ ಸಂಖ್ಯೆಯನ್ನು ಕಳೆದಾಗ ಪೂರ್ಣವರ್ಗವನ್ನೇ ಉಳಿಸುವ ಒಂದು ಸಂಖ್ಯೆ.

ಅದನ್ನು ಹುಡುಕುವುದಕ್ಕಿಂತ ಅದಲ್ಲದ್ದನ್ನು ಎಸೆಯುವುದು ಸುಲಭ. ಯಾವ ವರ್ಗವನ್ನೇ 7ರಿಂದ ಭಾಗಿಸಿ, ಶೇಷ 0, 1, 2, 4 ಇಷ್ಟರಲ್ಲೇ ಒಂದು. ನಮ್ಮ ಸಂಖ್ಯೆಯನ್ನು ಕಳೆದು ಉಳಿಯುವುದೂ ವರ್ಗವೇ ಆಗಬೇಕಾದ್ದರಿಂದ, ಈ ಒಂದು ನಿಯಮದಿಂದಲೇ 7ರಿಂದ ಭಾಗಿಸಿದಾಗ 0, 2 ಅಥವಾ 5 ಉಳಿಯುವ ಅಭ್ಯರ್ಥಿಗಳೆಲ್ಲ ಹೊರಗೆ. 11, 13, 17 ಹೀಗೆ ಪ್ರತಿ ಅವಿಭಾಜ್ಯವೂ ಸುಮಾರು ಅರ್ಧದಷ್ಟನ್ನು ಎಸೆಯುತ್ತದೆ. ಲೆಹ್ಮರ್ ಒಂದೊಂದು ನಿಯಮಕ್ಕೂ ಒಂದೊಂದು ಹಲ್ಲುಚಕ್ರ ಇಟ್ಟು, ಒಪ್ಪುವ ಶೇಷಗಳಿದ್ದಲ್ಲಿ ಮಾತ್ರ ರಂಧ್ರ ತೆರೆದಿಟ್ಟರು. ಚಕ್ರಗಳು ತಿರುಗುವಾಗ ಎಲ್ಲ ರಂಧ್ರಗಳೂ ಒಂದೇ ಸಾಲಿಗೆ ಬಂದ ಕ್ಷಣ ಬೆಳಕಿನ ಕಿರಣ ಪಾರಾಗಿ ಫೋಟೋಸೆಲ್‌ಗೆ ತಾಗುತ್ತದೆ, ಯಂತ್ರ ನಿಲ್ಲುತ್ತದೆ. 1926ರ ಅವರ ಮೊದಲ ಜರಡಿಯಲ್ಲಿ ಈ ಕೆಲಸ ಮಾಡಿದ್ದು ಸೈಕಲ್ ಚೈನುಗಳು! ಹೊಸದು ಸೆಕೆಂಡಿಗೆ ಸುಮಾರು 5,000 ಅಭ್ಯರ್ಥಿಗಳನ್ನು ಸೋಸುತ್ತಿತ್ತು.

ಆದರೂ ವೇಗವೊಂದೇ ಸಾಲದು. ನಮ್ಮ ಸಂಖ್ಯೆಯ ವರ್ಗಮೂಲದ ಹತ್ತಿರದಿಂದ ಉತ್ತರದವರೆಗೆ 47 ಕೋಟಿಗೂ ಹೆಚ್ಚು ಸಂಖ್ಯೆಗಳಿವೆ. ಯಂತ್ರ ಒಂದು ಹಗಲು ಒಂದು ರಾತ್ರಿ ಓಡಿದರೂ ಮುಗಿಯದು. ಇಲ್ಲಿ ನೆರವಾಗುವುದು ಸಂಖ್ಯೆಯ ಹುಟ್ಟು. ಎರಡರ ಘಾತದಿಂದ ಬಂದದ್ದರಿಂದ ಇದರ ಯಾವ ಅಪವರ್ತನವನ್ನಾದರೂ 186ರಿಂದ ಭಾಗಿಸಿದರೆ 1 ಉಳಿಯಲೇಬೇಕು. ಹಾಗಾಗಿ ಒಂದೊಂದೇ ಹೆಜ್ಜೆ ಇಡಬೇಕಿಲ್ಲ, 186ರ ವರ್ಗದ ಅರ್ಧವಾದ 17,298ರ ಜಿಗಿತ ಸಾಕು. ಆಗ ಉಳಿಯುವುದು ಸುಮಾರು 27,500 ಅಭ್ಯರ್ಥಿಗಳು, ಅಂದರೆ ಕೆಲವೇ ಸೆಕೆಂಡುಗಳ ಕೆಲಸ. ಈ ಕಥೆಯಲ್ಲಿ ನನಗೆ ಯಂತ್ರಕ್ಕಿಂತಲೂ ದೊಡ್ಡದಾಗಿ ಕಾಣುವುದು ಈ ಜಿಗಿತ.

ಹುಡುಕುತ್ತಿದ್ದ ಸಂಖ್ಯೆ 1716310630. ಅದರ ವರ್ಗದಿಂದ ನಮ್ಮ ಸಂಖ್ಯೆಯನ್ನು ಕಳೆದರೆ ಉಳಿಯುವುದು 1186799691ರ ವರ್ಗ. ಎರಡನ್ನೂ ಕೂಡಿಸಿದರೆ 2903110321, ಕಳೆದರೆ 529510939. ಇವೆರಡೂ ಅವಿಭಾಜ್ಯಗಳು, ಮುಂದೆ ಒಡೆಯಲು ಏನೂ ಇಲ್ಲ.