ಒಂದು ಲಕ್ಷ ಜನರ ಊರು, 81 ಸಾವಿರ ಸೀಟು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ. ಜನಸಂಖ್ಯೆ ಸುಮಾರು 1 ಲಕ್ಷ 7 ಸಾವಿರ, ನಮ್ಮ ಮಂಡ್ಯಕ್ಕಿಂತ ಚಿಕ್ಕದು. ಆದರೆ ಇಲ್ಲಿನ ಲ್ಯಾಂಬೋ ಫೀಲ್ಡ್ ಕ್ರೀಡಾಂಗಣದಲ್ಲಿ 81 ಸಾವಿರ ಜನ ಕೂರಬಹುದು! ಸೀಸನ್ ಟಿಕೆಟ್‌ಗೆ ಕಾಯುವವರ ಪಟ್ಟಿಯೇ ಲಕ್ಷ ದಾಟಿದೆ.

ಇಷ್ಟು ಪುಟ್ಟ ಊರಿಗೆ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ತಂಡವನ್ನು ಸಾಕುವ ತಾಕತ್ತು ಬಂದದ್ದೆಲ್ಲಿಂದ?

ಮೊದಲಿಗೆ ಟಿವಿ ದುಡ್ಡು. ರಾಷ್ಟ್ರೀಯ ಪ್ರಸಾರದಿಂದ ಬರುವ ಹಣವನ್ನು ಲೀಗ್ 32 ತಂಡಗಳಿಗೂ ಸಮನಾಗಿ ಹಂಚುತ್ತದೆ. ನ್ಯೂಯಾರ್ಕಿನ ತಂಡಕ್ಕೆ ಎಷ್ಟೋ, ಗ್ರೀನ್ ಬೇಗೂ ಅಷ್ಟೇ. ಅದಕ್ಕಿಂತ ಸ್ವಾರಸ್ಯದ್ದು ಮಾಲೀಕತ್ವ. 1919ರಲ್ಲಿ ಹುಟ್ಟಿದ ಇಲ್ಲಿನ ಪ್ಯಾಕರ್ಸ್ ತಂಡಕ್ಕೆ ಕುಬೇರ ಮಾಲೀಕನಿಲ್ಲ. 5 ಲಕ್ಷಕ್ಕೂ ಹೆಚ್ಚು ಷೇರುದಾರರಿದ್ದಾರೆ. ಅವರಿಗೆ ಲಾಭಾಂಶ ನಯಾಪೈಸೆಯೂ ಇಲ್ಲ. ಷೇರು ಅಂದರೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲಷ್ಟೇ ಲಾಯಕ್ಕಾದ ಕಾಗದ ಅನ್ನಿ. ಆದರೆ ತಂಡ ಊರು ಬಿಡದಂತೆ ಕಾದಿರುವುದು ಅದೇ.

ಈಗ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನೋಡಿ. ಗ್ರೀನ್ ಬೇಯ ನಾಲ್ಕು ಪಟ್ಟು ಜನ. ಆದರೂ ಬಾಸ್ಕೆಟ್‌ಬಾಲ್‌ನ ವಾರಿಯರ್ಸ್ 2019ರಲ್ಲಿ ಕೊಲ್ಲಿಯಾಚೆಯ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಯಿತು. ಮರುವರ್ಷ ಎನ್‌ಎಫ್‌ಎಲ್‌ನ ರೈಡರ್ಸ್ ಲಾಸ್ ವೇಗಸ್‌ಗೆ ಹೊರಟಿತು; ಅಲ್ಲಿ ಹೊಸ ಕ್ರೀಡಾಂಗಣಕ್ಕೆಂದು ಹೋಟೆಲ್ ತೆರಿಗೆಯಿಂದ 75 ಕೋಟಿ ಡಾಲರ್ ಎತ್ತಿಡಲಾಗಿತ್ತು. 2024ರ ಸೀಸನ್ ಮುಗಿಯುತ್ತಲೇ ಬೇಸ್‌ಬಾಲ್‌ನ ಅಥ್ಲೆಟಿಕ್ಸ್ ಕೂಡ ಗಂಟುಮೂಟೆ ಕಟ್ಟಿತು. ಐದಾರು ವರ್ಷದಲ್ಲಿ ಮೂರೂ ತಂಡ ಮಾಯ.

ಹಾಗಾದರೆ ಬೇರೆ ಊರುಗಳೂ ಗ್ರೀನ್ ಬೇ ದಾರಿ ಹಿಡಿಯಬಹುದಲ್ಲ? ಎನ್‌ಎಫ್‌ಎಲ್‌ನ ಇಂದಿನ ನಿಯಮ ಅದಕ್ಕೆ ಒಪ್ಪುವುದಿಲ್ಲ. ಪ್ಯಾಕರ್ಸ್‌ಗೆ ಮಾತ್ರ ಹಳೆಯ ವಿನಾಯಿತಿ.