‘ಆಫ್ರಿಕಾ ಕಲ್ತು ಎಂಥ ಮಾಡುದು?’

ಫೆಬ್ರವರಿಯಿಂದ ಮೇ ತನಕ ನಮ್ಮ ಕರಾವಳಿಯ ಗುಡ್ಡಗಳಲ್ಲಿ ಗೇರುಬೀಜದ ಕಾಲ. ಮಂಗಳೂರು, ಪುತ್ತೂರು, ಕಾರ್ಕಳದ ಬೀಜದ ಫ್ಯಾಕ್ಟರಿಗಳಿಗೆ ಮಾತ್ರ ವರ್ಷವಿಡೀ ಕೆಲಸ ಬೇಕು. ಇಲ್ಲಿನ ಬೆಳೆ ಅದಕ್ಕೆ ಸಾಲದು. ಹಾಗಾಗಿ ಟಾಂಜಾನಿಯ, ಮೊಜಾಂಬಿಕ್, ಗಿನಿ-ಬಿಸಾವ್, ಐವರಿ ಕೋಸ್ಟ್, ಘಾನಾಗಳಿಂದ ಹಸಿಬೀಜ ಹಡಗಿನಲ್ಲಿ ಬರುತ್ತದೆ. ಪೂರ್ವ ಆಫ್ರಿಕಾದ ಬೀಜವಂತೂ ಸ್ವಾತಂತ್ರ್ಯಕ್ಕೂ ಮೊದಲಿನಿಂದ ನಮ್ಮ ತೀರಕ್ಕೆ ಬರುತ್ತಿದೆ. ದಕ್ಷಿಣ ಕನ್ನಡದ ಸಾವಿರಾರು ಹೆಂಗಸರ ವಾರದ ಸಂಬಳ ಆ ಖಂಡದ ಮಳೆ, ರಸ್ತೆ, ಚುನಾವಣೆಗಳ ಮೇಲೆ ನಿಂತಿದೆ. ಆದರೂ ಆ ದೇಶಗಳ ಬಗ್ಗೆ ನಮ್ಮ ಶಾಲೆ, ಕಾಲೇಜು, ಪತ್ರಿಕೆಗಳಲ್ಲಿ ಓದಲು ಸಿಗುವುದು ತೀರಾ ಕಡಿಮೆ.

ಪುತ್ತೂರಿನ ಹತ್ತಿರದ ಒಂದು ಫ್ಯಾಕ್ಟರಿಯಲ್ಲಿ ನನ್ನ ಅಮ್ಮ ಬೀಜ ಒಡೆಯುವ ಕೆಲಸಕ್ಕಿದ್ದಳು. ಗೇರೆಣ್ಣೆ ತಾಗಿ ಅವಳ ಬೆರಳ ತುದಿಗಳು ಯಾವಾಗಲೂ ಕಪ್ಪು. ನಾನು ಇತಿಹಾಸ ತೆಗೆದುಕೊಂಡು ಬಿ.ಎ. ಮುಗಿಸಿ, ಮುಂಬೈ ವಿಶ್ವವಿದ್ಯಾಲಯದ ಆಫ್ರಿಕಾ ಅಧ್ಯಯನ ಕೇಂದ್ರದಲ್ಲಿ ಎಂ.ಎ. ಮಾಡುತ್ತೇನೆ ಎಂದಾಗ ಅವಳು ಕೇಳಿದಳು: “ಆಫ್ರಿಕಾ ಕಲ್ತು ಎಂಥ ಮಾಡುದು ಮಗಾ? ಬಿ.ಎಡ್. ಮಾಡಿದ್ರೆ ಒಂದು ಶಾಲೆ ಆದ್ರೂ ಸಿಕ್ತದೆ.” ನ್ಯಾಯವಾದ ಪ್ರಶ್ನೆ. ಈಗ ಮಂಗಳೂರಿನ ಗೇರುಬೀಜ ಆಮದು ಕಂಪನಿಯೊಂದರಲ್ಲಿ ಖರೀದಿ ವಿಭಾಗ ನೋಡಿಕೊಳ್ಳುತ್ತಿದ್ದೇನೆ. ಕಾಲೇಜು ಮಕ್ಕಳು ಅದೇ ಪ್ರಶ್ನೆಯನ್ನು ನನಗೆ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಏರಿಯಾ ಸ್ಟಡೀಸ್, ಕನ್ನಡದಲ್ಲಿ ಪ್ರದೇಶ ಅಧ್ಯಯನ ಎನ್ನಬಹುದಾದ ಈ ಓದಿನ ಲೆಕ್ಕ ಸರಳ. ಅರ್ಥಶಾಸ್ತ್ರ ಓದುವವರು ಎಲ್ಲ ದೇಶಗಳ ಹಣಕಾಸನ್ನು ಓದುತ್ತಾರೆ. ನಾವು ಒಂದೇ ಪ್ರದೇಶವನ್ನು ಹಿಡಿದು ಅದರ ಇತಿಹಾಸ, ರಾಜಕೀಯ, ಬೇಸಾಯ, ಧರ್ಮ, ಸಾಹಿತ್ಯ ಎಲ್ಲವನ್ನೂ ಒಟ್ಟಿಗೆ ಓದುತ್ತೇವೆ, ಅಲ್ಲಿನ ಒಂದು ಭಾಷೆಯನ್ನೂ ಕಲಿಯುತ್ತೇವೆ. ಮುಂಬೈಯ ಕಲೀನಾ ಕ್ಯಾಂಪಸ್ಸಿನಲ್ಲಿ ನಾನು ಹಿಂದೂ ಮಹಾಸಾಗರದ ಗುಲಾಮರ ವ್ಯಾಪಾರದಿಂದ ಹಿಡಿದು, ಯುರೋಪಿನವರು 1884-85ರಲ್ಲಿ ಬರ್ಲಿನ್ನಿನಲ್ಲಿ ಕುಳಿತು ಖಂಡವನ್ನು ಹಂಚಿಕೊಳ್ಳಲು ನಿಯಮ ಮಾಡಿಕೊಂಡದ್ದು, 1980ರ ದಶಕದಲ್ಲಿ ಅಲ್ಲಿನ ದೇಶಗಳು ಎತ್ತಿದ ಸಾಲ ಮತ್ತು ಅದರ ಷರತ್ತುಗಳವರೆಗೆ ಓದಿದೆ. ಜೊತೆಗೆ ಸ್ವಾಹಿಲಿ.

ಈ ವಿಷಯದ ಹುಟ್ಟು ಅಧಿಕಾರದ ಅಗತ್ಯದಿಂದ ಆದದ್ದು ಎಂಬುದನ್ನು ವಿದ್ಯಾರ್ಥಿಗಳು ಮೊದಲೇ ತಿಳಿದಿರಬೇಕು. ಲಂಡನ್ನಿನಲ್ಲಿ 1916ರಲ್ಲಿ ಸ್ಥಾಪನೆಯಾದ ಪೌರ್ವಾತ್ಯ ಅಧ್ಯಯನ ಶಾಲೆಯ ಮುಖ್ಯ ಉದ್ದೇಶಗಳಲ್ಲೊಂದು ವಸಾಹತುಗಳಿಗೆ ಹೋಗುವ ಅಧಿಕಾರಿಗಳನ್ನು ತಯಾರು ಮಾಡುವುದು. 1938ರಲ್ಲಿ ಅದರ ಹೆಸರಿಗೆ ಆಫ್ರಿಕಾವೂ ಸೇರಿತು. ಸೋವಿಯತ್ ಒಕ್ಕೂಟ 1957ರಲ್ಲಿ ಸ್ಪುಟ್ನಿಕ್ ಹಾರಿಸಿದ ಮರುವರ್ಷ ಅಮೆರಿಕ ಒಂದು ಶಿಕ್ಷಣ ಕಾಯ್ದೆ ಮಾಡಿ ಪರದೇಶಗಳ ಭಾಷೆ ಕಲಿಸಲು ವಿಶ್ವವಿದ್ಯಾಲಯಗಳಿಗೆ ಹಣ ಕೊಟ್ಟಿತು. ಆ ಕಾಯ್ದೆಯ ಹೆಸರಿನಲ್ಲೇ ‘ರಕ್ಷಣೆ’ ಇತ್ತು. ಕನ್ನಡಿಗರನ್ನೂ ಆಗ ಓದಲಾಯಿತು. ಪಿ.ಎಲ್. 480 ಯೋಜನೆಯಲ್ಲಿ ಅಮೆರಿಕ ನಮಗೆ ಗೋಧಿ ಮಾರಿ ರೂಪಾಯಿಯಲ್ಲಿ ಹಣ ಪಡೆಯುತ್ತಿತ್ತಲ್ಲ, 1962ರಿಂದ ಅದರ ಒಂದು ಪಾಲಿನಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿನ ಗ್ರಂಥಾಲಯಗಳಿಗೆ ಕಳಿಸಿದರು. ವಚನಗಳನ್ನು ಇಂಗ್ಲಿಷಿಗೆ ತಂದ ಎ.ಕೆ. ರಾಮಾನುಜನ್ ಷಿಕಾಗೋದಲ್ಲಿ ಪಾಠ ಮಾಡುತ್ತಿದ್ದ ಕಾಲ ಅದು. ಉದ್ದೇಶ ಏನೇ ಇದ್ದಿರಲಿ, ವಚನಗಳು ಜಗತ್ತಿಗೆ ತಲುಪಲು ಆ ವ್ಯವಸ್ಥೆ ನೆರವಾಯಿತು.

ನಮ್ಮ ದೇಶ ಬೇರೆ ಕಾರಣಕ್ಕೆ ಈ ಓದನ್ನು ಕೈಗೆತ್ತಿಕೊಂಡಿತು ಎಂಬುದು ನನಗೆ ಹೆಮ್ಮೆಯ ಸಂಗತಿ. ಏಷ್ಯಾ-ಆಫ್ರಿಕಾ ದೇಶಗಳ ಬಾಂಡುಂಗ್ ಸಮ್ಮೇಳನ ನಡೆದ 1955ರಲ್ಲೇ ದೆಹಲಿ ವಿಶ್ವವಿದ್ಯಾಲಯದಲ್ಲಿ ಆಫ್ರಿಕಾ ಅಧ್ಯಯನ ವಿಭಾಗ ತೆರೆಯಿತು. ಸ್ವಾತಂತ್ರ್ಯದ ಹೊಸ್ತಿಲಲ್ಲಿದ್ದ ದೇಶಗಳನ್ನು ಸ್ನೇಹಿತರಾಗಿ ತಿಳಿಯಬೇಕೆಂಬ ಆಸೆ ಅದರ ಹಿಂದಿತ್ತು. ನಾನು ಓದಿದ ಮುಂಬೈಯ ಕೇಂದ್ರ 1971ರದು.

ಇಂಥ ಓದು ಕೆಲಸಕ್ಕೆ ಬರುವುದು ಹೇಗೆ? ಟಾಂಜಾನಿಯದ ಒಂದು ಹಂಗಾಮಿನ ಕತೆ ಹೇಳುತ್ತೇನೆ.

ಆ ದೇಶದ ದಕ್ಷಿಣದಲ್ಲಿ ಮ್ಟ್ವಾರಾ, ಲಿಂಡಿ ಎಂಬ ಗೇರು ಪ್ರಾಂತಗಳಿವೆ. ಅಕ್ಟೋಬರ್‌ನಲ್ಲಿ ಅಲ್ಲಿ ಬೀಜ ಬೀಳಲು ಶುರುವಾಗುತ್ತದೆ, ಅಂದರೆ ನಮ್ಮ ಗೋದಾಮುಗಳು ಖಾಲಿಯಾಗುವ ಹೊತ್ತಿಗೆ ಸರಿಯಾಗಿ. ರೈತರು ಬೀಜವನ್ನು ಹಳ್ಳಿಯ ಸಹಕಾರ ಸಂಘಕ್ಕೆ ಕೊಡುತ್ತಾರೆ, ಅದು ಗೋದಾಮು ಸೇರಿ ಹರಾಜಾಗುತ್ತದೆ. 2018ರಲ್ಲಿ ವ್ಯಾಪಾರಿಗಳು ಕೂಗಿದ ದರ ತೀರಾ ಕಡಿಮೆಯೆಂದು ರೈತರು ಮಾರಲು ಒಪ್ಪಲಿಲ್ಲ. ಆಗ ಅಧ್ಯಕ್ಷರಾಗಿದ್ದ ಜಾನ್ ಮಗುಫುಲಿ ನವೆಂಬರ್‌ನಲ್ಲಿ ಖಾಸಗಿ ಖರೀದಿ ನಿಲ್ಲಿಸಿದರು, ಕಿಲೋಗೆ 3,300 ಶಿಲಿಂಗ್ ದರ ಸಾರಿದರು, ಬೀಜ ಸಂಗ್ರಹಕ್ಕೆ ಸೈನ್ಯವನ್ನೇ ಇಳಿಸಿದರು.

ಮಂಗಳೂರಿನಲ್ಲಿ ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ಇದು ಬರೇ ಬೆದರಿಕೆ, ಎರಡು ವಾರದಲ್ಲಿ ಹರಾಜು ಮತ್ತೆ ಶುರುವಾಗುತ್ತದೆ. ನನಗೆ ಹಾಗನ್ನಿಸಲಿಲ್ಲ. ‘ಮ್ವನಾಂಚಿ’ ಎಂಬ ಸ್ವಾಹಿಲಿ ದಿನಪತ್ರಿಕೆಯನ್ನು ದಿನಾ ಓದುತ್ತಿದ್ದೆ. ಅದಕ್ಕಿಂತ ಹೆಚ್ಚಾಗಿ, ಎಂ.ಎ.ಯಲ್ಲಿ ನನ್ನ ಪ್ರಬಂಧವೇ ಟಾಂಜಾನಿಯದ ಗೇರು ಸಹಕಾರ ಸಂಘಗಳ ಮೇಲಿತ್ತು. ಆ ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ 1967ರಲ್ಲಿ ಸಮಾಜವಾದದ ಅರುಶಾ ಘೋಷಣೆ ಮಾಡಿದ ಮೇಲೆ, 70ರ ದಶಕದಲ್ಲಿ ಚದುರಿದ್ದ ರೈತ ಕುಟುಂಬಗಳನ್ನು ಹೊಸ ಹಳ್ಳಿಗಳಿಗೆ ಎಬ್ಬಿಸಿ ತಂದರು. ಮನೆ ಒಂದು ಕಡೆ, ಗೇರು ಮರ ಮೈಲಿಗಟ್ಟಲೆ ದೂರ. ಮರದ ಬುಡ ಬಿಡಿಸುವವರಿಲ್ಲ. ಮೇಲಿಂದ ಬೂದಿರೋಗ, ಕೈಗೆ ಸಿಗದ ಬೆಲೆ. 1973-74ರಲ್ಲಿ 1.45 ಲಕ್ಷ ಟನ್ನಿನ ಆಸುಪಾಸಿನಲ್ಲಿದ್ದ ಬೆಳೆ ಮುಂದಿನ ದಶಕದ ಕೊನೆಯ ಭಾಗಕ್ಕೆ 20 ಸಾವಿರ ಟನ್ನಿಗಿಂತ ಕೆಳಗೆ ಬಿತ್ತು. ಆ ನಷ್ಟವನ್ನು ದಕ್ಷಿಣದ ಮುದುಕರು ಇವತ್ತಿಗೂ ಹೇಳಿಕೊಳ್ಳುತ್ತಾರೆ. 2013ರಲ್ಲಿ ತಮ್ಮೂರಿನ ಅನಿಲವನ್ನು ಕೊಳವೆ ಹಾಕಿ ದಾರ್-ಎಸ್-ಸಲಾಮಿಗೆ ಒಯ್ಯುತ್ತಾರೆಂದು ಮ್ಟ್ವಾರಾದಲ್ಲಿ ಗಲಭೆಯೇ ಎದ್ದಿತ್ತು. ಅಲ್ಲಿ ಗೇರುಬೀಜದ ದರವೆಂದರೆ ಸರಕಾರ ತಮ್ಮನ್ನು ಹೇಗೆ ಕಾಣುತ್ತದೆ ಎನ್ನುವುದರ ಅಳತೆ. ಒಮ್ಮೆ ಬಾಯಿಬಿಟ್ಟು ಸಾರಿದ ದರದಿಂದ ಸರಕಾರ ಹಿಂದೆ ಸರಿಯುವುದು ಕಷ್ಟ ಎಂದು ನಮ್ಮ ಮಾಲೀಕರಿಗೆ ಹೇಳಿದೆ. ಅವರು ಕಾಯದೆ ಪಶ್ಚಿಮ ಆಫ್ರಿಕಾದ ಹಳೇ ದಾಸ್ತಾನು ಹಿಡಿದರು. ಆ ಹಂಗಾಮಿನಲ್ಲಿ ನಮ್ಮಿಂದ ಬೀಜ ಕೊಳ್ಳುವ ಫ್ಯಾಕ್ಟರಿಗಳಲ್ಲಿ ಹೆಂಗಸರಿಗೆ ಕೆಲಸ ತಪ್ಪಲಿಲ್ಲ. ಅಮ್ಮನಿಗೆ ನನ್ನ ಓದು ಅರ್ಥವಾದದ್ದು ಆಗಲೇ ಎಂದು ಕಾಣುತ್ತದೆ. ಪಕ್ಕದ ಮನೆಯವರಿಗೆಲ್ಲ ಮಗುಫುಲಿಯ ಹೆಸರು ಹೇಳಿ ವಿವರಿಸುತ್ತಿದ್ದಳು.

ಬೀಜ ಪರೀಕ್ಷೆ ಮಾಡುವುದನ್ನು ಯಾರೂ ಕಲಿಯಬಹುದು. ಒಂದು ಕಿಲೋಗೆ ಎಷ್ಟು ಬೀಜ, ಕತ್ತರಿಸಿದಾಗ ಕೆಟ್ಟದ್ದೆಷ್ಟು, 80 ಕಿಲೋ ಚೀಲಕ್ಕೆ ತಿರುಳು ಎಷ್ಟು ಪೌಂಡ್ ಬೀಳುತ್ತದೆ ಎಂಬ ಲೆಕ್ಕ ಒಂದು ಹಂಗಾಮಿನಲ್ಲಿ ಕೈಗೆ ಹತ್ತುತ್ತದೆ. ಆದರೆ ಮ್ಟ್ವಾರಾದ ಸಂಘದ ಕಚೇರಿಯಲ್ಲಿ ಕುಳಿತ ಹಿರಿಯರಿಗೆ ಮೊದಲು ‘ಶಿಕಮೋ’ ಎಂದು ವಂದಿಸಿ, ಮನೆಯವರ ಕ್ಷೇಮ, ಮಳೆಯ ಸಮಾಚಾರ ಕೇಳಿ, ಆಮೇಲೆ ದರದ ಮಾತು ಎತ್ತಬೇಕು ಎನ್ನುವುದು ಭಾಷೆಯ ಜೊತೆಗೇ ಬರುವಂಥದು. ಹಾಗೆ ಮಾತಾಡಿದವರಿಗೆ ಅವರು ಯಾವ ಗೋದಾಮಿಗೆ ನೀರು ನುಗ್ಗಿದೆ ಎಂಬುದನ್ನೂ ಹೇಳುತ್ತಾರೆ.

ವ್ಯಾಪಾರಕ್ಕಿಂತ ದೊಡ್ಡ ಕಾರಣವೂ ಇದೆ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟದ ಬಳಿ ಸುಡಾನಿನ ಒಬ್ಬ ವಿದ್ಯಾರ್ಥಿಯ ಕಾರು ಹಾಯ್ದು ಒಬ್ಬ ಮಹಿಳೆ ತೀರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ಟಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು. ಅಪಘಾತಕ್ಕೂ ಆಕೆಗೂ ಯಾವ ಸಂಬಂಧವೂ ಇರಲಿಲ್ಲ. ಆಫ್ರಿಕಾದಲ್ಲಿ 54 ದೇಶಗಳಿವೆ. ಆ ರಾತ್ರಿಯ ಗುಂಪಿಗೆ ಎಲ್ಲವೂ ಒಂದೇ ಆಗಿತ್ತು. ಆ ಸುದ್ದಿ ಓದಿದ ದಿನ ನನಗಾದ ಸಂಕಟ ಇನ್ನೂ ಹೋಗಿಲ್ಲ. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿಯರು ತಲೆಮಾರುಗಳಿಂದ ಬಾಳುತ್ತಿರುವಾಗಲೂ ನಾವು ಇಷ್ಟು ತಿಳಿಯದೆ ಉಳಿದೆವಲ್ಲ ಎನ್ನಿಸುತ್ತದೆ.

ಇನ್ನು ನೌಕರಿಯ ಮಾತು. ‘ಪ್ರದೇಶ ಅಧ್ಯಯನ ಓದಿದವರು ಬೇಕಾಗಿದ್ದಾರೆ’ ಎಂಬ ಜಾಹೀರಾತು ಅಪರೂಪ. ಈ ಪದವಿಯ ಜೊತೆ ಇನ್ನೊಂದು ಕೌಶಲ ಇರಲೇಬೇಕು: ಲೆಕ್ಕಪತ್ರ, ಕಾನೂನು, ಸಾರ್ವಜನಿಕ ಆರೋಗ್ಯ, ಪತ್ರಿಕೋದ್ಯಮ, ಅಂಕಿಅಂಶ, ಯಾವುದಾದರೂ ಸರಿ. ನನ್ನ ಜೊತೆ ಓದಿದ ಒಬ್ಬಳು ಔಷಧ ಕಂಪನಿಯಲ್ಲಿದ್ದಾಳೆ. ಪೂರ್ವ ಆಫ್ರಿಕಾದ ದೇಶಗಳಲ್ಲಿ ಔಷಧಗಳ ನೋಂದಣಿ ಅವಳ ಕೆಲಸ. ಇನ್ನೊಬ್ಬ ಸಾಲ ಕೊಡುವ ಬ್ಯಾಂಕಿಗೆ ಯಾವ ದೇಶದಲ್ಲಿ ಎಷ್ಟು ಅಪಾಯ ಎಂದು ವರದಿ ಬರೆಯುತ್ತಾನೆ. ವಿದೇಶಾಂಗ ಸೇವೆ ಸೇರಬೇಕಾದರೆ ಯುಪಿಎಸ್‌ಸಿ ಪರೀಕ್ಷೆಯೇ ದಾರಿ. ಸೇರಿದ ಮೇಲೆ ಪ್ರತಿಯೊಬ್ಬರೂ ಒಂದು ವಿದೇಶಿ ಭಾಷೆ ಕಲಿಯಲೇಬೇಕು, ಅಲ್ಲಿ ಈ ಓದು ಕೈಹಿಡಿಯುತ್ತದೆ. ಅವಕಾಶಗಳು ಹೆಚ್ಚುತ್ತಿವೆ ಎನ್ನಲು ಕಾರಣಗಳಿವೆ. 2023ರಲ್ಲಿ ದೆಹಲಿಯ ಜಿ20 ಸಭೆಯಲ್ಲಿ ಆಫ್ರಿಕಾ ಒಕ್ಕೂಟಕ್ಕೆ ಕಾಯಂ ಸದಸ್ಯತ್ವ ಸಿಕ್ಕಿತು. ಅದೇ ವರ್ಷ ಮದ್ರಾಸ್ ಐಐಟಿ ಜಂಜಿಬಾರ್‌ನಲ್ಲಿ ಕ್ಯಾಂಪಸ್ ತೆರೆಯಿತು.

ಆಫ್ರಿಕಾವನ್ನೇ ಓದಬೇಕೆಂದಿಲ್ಲ. ದೆಹಲಿ ವಿಶ್ವವಿದ್ಯಾಲಯದಲ್ಲಿ ಪೂರ್ವ ಏಷ್ಯಾ ಇದೆ, ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದಲ್ಲಿ ಆಗ್ನೇಯ ಏಷ್ಯಾ ಇದೆ, ಜೆಎನ್‌ಯುನಲ್ಲಿ ಪಶ್ಚಿಮ ಏಷ್ಯಾದಿಂದ ಲ್ಯಾಟಿನ್ ಅಮೆರಿಕದವರೆಗೆ ಕೇಂದ್ರಗಳಿವೆ. ಆಯ್ಕೆ ಮಾಡುವಾಗ ಭಾಷೆ ಕಲಿಸುತ್ತಾರೆಯೇ ಎಂದು ಮೊದಲು ಕೇಳಿ. ಕಲಿಸದಿದ್ದರೆ ಬೇರೆ ಕಡೆಯಾದರೂ ಕಲಿಯಿರಿ. ಇಂಗ್ಲಿಷ್ ಒಂದನ್ನೇ ನಂಬಿ ಪರಪ್ರದೇಶ ಓದುವುದೆಂದರೆ ಗದ್ದೆಗಿಳಿಯದೆ ಹುಣಿಯ ಮೇಲೆ ನಿಂತು ಬೇಸಾಯ ಕಲಿತ ಹಾಗೆ.

ಈಗ ನಮ್ಮ ಕಂಪನಿಗೆ ಫ್ರೆಂಚ್ ಬಲ್ಲವರೊಬ್ಬರು ಬೇಕಾಗಿದ್ದಾರೆ. ನಮಗೆ ಬೀಜ ಕಳಿಸುತ್ತಿದ್ದ, ಫ್ರೆಂಚ್ ಆಡಳಿತ ಭಾಷೆಯ ಬೆನಿನ್ 2024ರ ಏಪ್ರಿಲ್‌ನಿಂದ ಹಸಿಬೀಜದ ರಫ್ತು ನಿಲ್ಲಿಸಿ ತನ್ನಲ್ಲೇ ಫ್ಯಾಕ್ಟರಿ ನಡೆಸಲು ಹೊರಟಿದೆ. ನೆರೆಯ ದೇಶಗಳೂ ಅದೇ ದಾರಿ ಹಿಡಿದರೆ ಪುತ್ತೂರಿನ ಹೆಂಗಸರ ಕೆಲಸ ಏನಾಗುತ್ತದೆ ಎಂಬ ಚಿಂತೆ ನನಗಿದೆ. ಬೆನಿನ್‌ನ ಹೆಂಗಸರಿಗೂ ಆ ಕೂಲಿ ಬೇಕು ಎಂಬುದೂ ಗೊತ್ತಿದೆ. ಸಂದರ್ಶನಕ್ಕೆ ಬಂದವರಿಗೆ ನಾನು ದರ, ಲಾಭದ ಪ್ರಶ್ನೆ ಕೇಳುವುದಿಲ್ಲ. ಐವರಿ ಕೋಸ್ಟಿನ ಉತ್ತರಕ್ಕೂ ದಕ್ಷಿಣಕ್ಕೂ ಯಾಕೆ ಜಗಳವಾಯಿತು, ಅಲ್ಲಿ ಗೇರು ಬೆಳೆಯುವವರು ಯಾರು, ಆ ಊರಿನ ಪತ್ರಿಕೆಯಲ್ಲಿ ಈ ವಾರ ಏನು ಓದಿದಿರಿ ಎಂದು ಕೇಳುತ್ತೇನೆ.